ಊರಬಾವಿಗೆ ಎರಡು ಪಾವು

೮ ಮೇ ೧೯೮೪, ಮಂಗಳವಾರ. ಬೆಳಿಗ್ಗೆ ೫.೪೦

ನೀರು ಕುದಿಯಿತು. ಎರಡು ಹಂಡೆ — ಒಂದು ರೋಗಿಗಳಿಗೆ, ಒಂದು ನಮ್ಮವರಿಗೆ. ಯಾರೂ ಲೋಟ ಅದ್ದಬಾರದೆಂದು ಆಯಾ ಗಿಡ್ಡಮ್ಮ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿದ್ದಾಳೆ. ಕೈ ತೊಳೆಯುವ ಬೋಗುಣಿಯಲ್ಲಿ ಲೈಸಾಲ್ ಬದಲಿಸಿದೆ. ರಾತ್ರಿ ಪಾಳಿಯ ಲೆಕ್ಕ ಪಡೆದೆ: ಒಳಗೆ ಹದಿನಾರು ಜನ, ಹೊಸಬರು ಮೂವರು, ಸಾವು ಇಲ್ಲ.

ಹೊಳೆಬಸಾಪುರದ ಈ ಶಾಲೆಯಲ್ಲಿ ಕ್ಯಾಂಪ್ ಹೂಡಿ ಇಂದಿಗೆ ನಾಲ್ಕನೆಯ ದಿನ. ನಾವು ಬರುವ ಮೊದಲೇ ಇಬ್ಬರು ಹೋಗಿದ್ದರು. ಕಾಗದದಲ್ಲಿ 'ಜಿ.ಇ.' ಎಂದೇ ಬರೆಯಬೇಕು, ವಾಂತಿಭೇದಿ. ಕಾಲರಾ ಎಂಬ ಪದ ಲ್ಯಾಬೊರೇಟರಿ ವರದಿ ಬರುವವರೆಗೆ ಯಾರ ಲೇಖನಿಯಿಂದಲೂ ಇಳಿಯುವಂತಿಲ್ಲ. ಅಕ್ಕಿ ತೊಳೆದ ನೀರಿನಂಥ ಭೇದಿಯನ್ನು ಕಣ್ಣಾರೆ ಕಂಡವರಿಗೆ ವರದಿ ಬೇಕಿಲ್ಲ.

ನಮ್ಮ ಡಾಕ್ಟರು ಕಾಮಾಲೆಯಾಗಿ ಹಡಗಲಿಯಲ್ಲಿ ಮಲಗಿದ್ದಾರೆ. ಜಿಲ್ಲೆಯಿಂದ ತಂತಿ ಬಂತು: ಕ್ಯಾಂಪಿನ ಚಾರ್ಜ್ ಹಿರಿಯ ಆರೋಗ್ಯ ನಿರೀಕ್ಷಕ ಬೊಮ್ಮಪ್ಪ ವಹಿಸಿಕೊಳ್ಳತಕ್ಕದ್ದು. ಮೂವತ್ತೊಂದು ವರ್ಷ ಇನ್ನೊಬ್ಬರ ಚಾರ್ಜಿನಲ್ಲಿ ದುಡಿದವನು ನಾನು. ದಿನ ಬಿಟ್ಟು ದಿನ ಬೇರೊಬ್ಬ ಡಾಕ್ಟರು ಜೀಪಿನಲ್ಲಿ ಬಂದು ನೋಡಿ ಹೋಗುತ್ತಾರೆ. ಉಳಿದದ್ದು ನನ್ನ ತಲೆಗೆ.

ಕೈಕೆಳಗೆ ನಾಲ್ವರು. ನರ್ಸ್ ಮೈಲಮ್ಮ, ಇಪ್ಪತ್ತಾರು. ಕಾಂಪೌಂಡರ್ ಮಂಜಣ್ಣ, ನಲವತ್ತು ದಾಟಿದವನು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗಿಡ್ಡಮ್ಮ. ಮತ್ತು ಆರೋಗ್ಯ ಸಹಾಯಕ ಏಕಾಂತಪ್ಪ — ಇಪ್ಪತ್ತೆರಡು, ಹರಪನಹಳ್ಳಿ ಕಡೆಯವನು. ಪ್ರೊಬೇಷನ್ ಮುಗಿಯಲು ಇನ್ನೆರಡು ತಿಂಗಳು. ತಂದೆ ಕಲ್ಲು ಒಡೆಯುತ್ತಾನೆ. ಆ ಮನೆಯಲ್ಲಿ ತಿಂಗಳ ಸಂಬಳ ಎಂಬುದನ್ನು ಕಂಡವನು ಇವನೇ ಮೊದಲು.

ದಿನವೂ ಆರು ಗಂಟೆಗೆ ಬೇವಿನ ಮರದ ಕೆಳಗೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ ಮಾತಾಡಬೇಕೆಂದು ನಿಶ್ಚಯಿಸಿದ್ದೇನೆ. ಇಂದು ಹೇಳಿದೆ: "ಕುರುಡರಂಗ ಹೇಳಿದ್ದು ಮಾಡಬ್ಯಾಡ್ರಿ. ತಿಳೀಲಿಲ್ಲಂದ್ರ ಕೇಳ್ರಿ. ನಾ ತಪ್ಪಿದ್ರ ನನಗ ಹೇಳ್ರಿ."

ಮಂಜಣ್ಣ: "ಹೇಳಿದ್ರ ಬೈಯಂಗಿಲ್ಲಲ್ರಿ ಸರ್?"

"ಬೈತೀನಿ. ಬೈದಾದ ಮ್ಯಾಲೆ ಕೇಳ್ತೀನಿ."

ನಕ್ಕರು. ಈ ಸ್ಥಿತಿಯಲ್ಲಿ ನಗುವವರಿದ್ದರೆ ಅರ್ಧ ಗೆದ್ದಂತೆ.

೯ ಮೇ, ಬುಧವಾರ. ಮಧ್ಯಾಹ್ನ

ಇದೇ ಊರಿನ ಗಾದಿಲಿಂಗಪ್ಪನ ಎತ್ತಿನ ಗಾಡಿ ಬೆಳಗಿನಿಂದ ಐದು ಸಲ ಬಂತು. ಯಾರೂ ಹೇಳಿದ್ದಲ್ಲ. ಕೇರಿ ಕೇರಿಗೆ ತಾನೇ ಹೋಗಿ, ಬಿದ್ದವರನ್ನು ಹೊತ್ತು ತರುತ್ತಾನೆ. ಹೊರಸಿನ ನಡುವೆ ನುಲಿ ಕತ್ತರಿಸಿ, ಭೇದಿ ಬೀಳಲೆಂದು ಕೆಳಗೆ ಬಕೆಟ್ ಇಡಬೇಕೆಂದಾಗ ಊರವರು ಹಿಂಜರಿದರು. ಗಟ್ಟಿ ಹೊರಸನ್ನು ಹಾಳುಮಾಡುವುದೇ? ಮೊದಲು ತನ್ನದನ್ನು ತಂದವನು ಅವನು.

"ಕತ್ತರಸ್ರಿ ಸಾಹೇಬ್ರ. ಅದರ ಮ್ಯಾಲ ಮಲಗಿ ನಮ್ಮಾಕಿ ದಿನಾ ನನಗ ಬೈತಿದ್ಲು. ಇನ್ನ ನೆಲದ ಮ್ಯಾಲ ಕುಂತು ಬೈಲಿ."

ಹಂಪಮ್ಮ ಎಂಬ ಮುದುಕಿಯ ನಾಡಿ ಬೆಳಿಗ್ಗೆ ಸಿಗುತ್ತಿರಲಿಲ್ಲ. ಸೊಸೆ ಅಡ್ಡ ನಿಂತಳು. "ಕುಡಿಸಿದಷ್ಟೂ ಹೊರಗ ಹೊಂಟೈತಿ. ಮತ್ಯಾಕ ಕುಡಸ್ತೀರಿ?" ಇಲ್ಲಿನ ಎಲ್ಲ ಮನೆಗಳ ನಂಬಿಕೆ ಇದು — ಭೇದಿಯಾದವರಿಗೆ ನೀರು ನಿಲ್ಲಿಸು. ನಾನು ಶಾಸ್ತ್ರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೈಲಮ್ಮ, "ತೂತು ಬಿದ್ದ ಕೊಡ ಐತವ್ವ ಇದು. ಸೋರ್ತೈತಿ ಅಂತ ತುಂಬೋದು ಬಿಟ್ರ ತಳ ಕಾಣ್ತೈತಿ. ತೂತು ತಾನ ಮುಚ್ಚಿಕೊಂತೈತಿ, ಅಲ್ಲಿತನ ತುಂಬು" ಎಂದು ಚಮಚೆಯನ್ನು ಆಕೆಯ ಕೈಗೇ ಕೊಟ್ಟಳು. ಉಪ್ಪು, ಸಕ್ಕರೆ, ಕುದಿಸಿ ಆರಿಸಿದ ನೀರು. ಕರಿಹಲಗೆಯ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಲೋಟಕ್ಕೊಂದು ಗೆರೆ. ಮಧ್ಯಾಹ್ನದ ಹೊತ್ತಿಗೆ ಹಂಪಮ್ಮನ ಮುಂದೆ ಹತ್ತೊಂಬತ್ತು ಗೆರೆ; ಎದ್ದು ಕುಳಿತು ಸೊಸೆಯನ್ನು ಗದರಿಸುತ್ತಿದ್ದಳು. ನನಗೆ ಬಾರದ ವಿದ್ಯೆ ಈ ಹುಡುಗಿಗೆ ಬರುತ್ತದೆ.

ಚಿಂತೆ ಬಾವಿಯದು. ಊರಿಗೆ ಕುಡಿಯುವ ಬಾವಿ ಒಂದೇ, ಊರಬಾವಿ. ಅದಕ್ಕೆ ಹಾಕುವ ಬ್ಲೀಚಿಂಗ್ ಪುಡಿಯ ಡ್ರಮ್ ಕಳೆದ ವರ್ಷ ತೆರೆದದ್ದು, ಮುಚ್ಚಳ ಸಡಿಲ. ಮೂಗಿಗೆ ಹಿಡಿದರೂ ಘಾಟಿಲ್ಲ. ಕಸುವೆಲ್ಲ ಗಾಳಿಗೆ ಹೋಗಿದೆ. ನೀರು ಪರೀಕ್ಷಿಸುವ ದ್ರಾವಣವೂ ಮುಗಿದಿದೆ. ಒಳ್ಳೆಯ ಪುಡಿಯಾದರೆ ಬಾವಿಯ ಈಗಿನ ನೀರಿಗೆ ಒಂದು ಪಾವು, ಎಂದರೆ ಕಾಲು ಸೇರು, ಸಾಕು. ಇದಕ್ಕೆ ಸಾಲದು. ಏಕಾಂತನಿಗೆ ಹೇಳಿದೆ: ದಿನವೂ ಎರಡು ಪಾವು. ಬಾಯಿಮಾತಿನ ಆಜ್ಞೆ. ಅವನು ಬಾವಿ ರಿಜಿಸ್ಟರಿನಲ್ಲಿ ದಿನಾಂಕ, ಪ್ರಮಾಣ ಬರೆದು ಸಹಿ ಹಾಕುತ್ತಾನೆ. ಮುತ್ತಿನಂಥ ಅಕ್ಷರ.

೧೧ ಮೇ, ಶುಕ್ರವಾರ. ಸಂಜೆ

ಬಸ್ಸು ಊರ ಮುಂದೆ ನಿಲ್ಲುವುದನ್ನು ಬಿಟ್ಟಿದೆ. ಕಂಡಕ್ಟರ್ ಔಷಧಿ ಪೆಟ್ಟಿಗೆಯನ್ನು ಓಡುವ ಬಸ್ಸಿನಿಂದಲೇ ಉರುಳಿಸಿ ಹೋದ. ಸಲೈನ್ ಬಾಟಲಿ ಎರಡು ಒಡೆದವು. ಉಳಿದದ್ದು ಹತ್ತು.

ಒಳಗೆ ಇಪ್ಪತ್ತೆರಡು ಜನ. ಇಂದು ಒಂದು ಸಾವು, ನಾಲ್ಕು ವರ್ಷದ ಕೂಸು. ಬಹಳ ತಡವಾಗಿ ತಂದರು. ಏಕಾಂತ ಶಾಲೆಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಪಕ್ಕದಲ್ಲಿ ಹೋಗಿ ನಿಂತೆ. ಮುಖ ಒರೆಸಿಕೊಂಡು ಅವನೇ, "ಬಾವಿಗೆ ಹೋಗ್ಬರ್ತೀನಿ ಸರ್" ಎಂದ.

ಮಂಜಣ್ಣ ರಜೆ ಕೇಳಿದ. ಮಡದಿ ಹಗರಿಬೊಮ್ಮನಹಳ್ಳಿಯಲ್ಲಿ ತುಂಬು ಬಸುರಿ. "ನಾ ರೋಗ ಹೊತ್ಕೊಂಡು ಹೋದ್ರ ಏನ್ಗತಿರಿ ಸರ್?"

"ಅದಕ್ಕ ಹೇಳ್ತೀನಿ, ಹೋಗಬ್ಯಾಡ. ಇಲ್ಲಿ ಕೈ ತೊಳಕೊಂಡು ಇರು. ಆಕಿಗೆ ದಿನಾ ಒಂದು ಕಾರ್ಡ್ ಬರಿ. ಎರಡು ಸಾಲು ಸಾಕು."

"ಏನಂತ ಬರೀಲಿ?"

"ಜೀವಂತ ಅದೀನಿ ಅಂತ. ಎರಡನೇ ಸಾಲು ನಿನಗ ಬಿಟ್ಟಿದ್ದು."

ಗೊಣಗುತ್ತ ಹೋದ. ಉಳಿದಿದ್ದಾನೆ.

೧೨ ಮೇ, ಶನಿವಾರ

ಹೊಸಪೇಟೆಯಿಂದ ಲಾರಿಯಲ್ಲಿ ಬ್ಲೀಚಿಂಗ್ ಪುಡಿಯ ಹೊಸ ಡ್ರಮ್ ಬಂತು, ಸೀಲ್ ಒಡೆಯದ್ದು. ಮುಚ್ಚಳ ತೆರೆದ ಕೂಡಲೇ ಮಂಜಣ್ಣ ಕೆಮ್ಮಿ ಹಿಂದಕ್ಕೆ ಸರಿದ. ಕಸುವೆಂದರೆ ಇದು. ಅದೇ ಲಾರಿಯಲ್ಲಿ ಕೊಟ್ಟೂರಿನಿಂದ ನನ್ನ ಮನೆಯವಳು ಕಳಿಸಿದ ಒಂದು ಚೀಲ ಮಂಡಕ್ಕಿ. ಒಗ್ಗರಣೆ ಹಾಕಿಕೊಳ್ಳಲು ಬಿಟ್ಟೆ, ಹಸಿ ಈರುಳ್ಳಿ ಬೇಡವೆಂದೆ. ಈರುಳ್ಳಿ ಇಲ್ಲದ ಮಂಡಕ್ಕಿಯನ್ನು ಯಾವ ಜೈಲಿನಲ್ಲಿ ಕೊಡುತ್ತಾರೆಂದು ಮೈಲಮ್ಮ ಕೇಳಿದಳು.

ಹೊಸ ರೋಗಿಗಳು ನಾಲ್ವರೇ. ದಿನವಿಡೀ ಪತ್ರ, ಲೆಕ್ಕ, ಸಾಮಾನು. ಕುಳಿತಲ್ಲೇ ಕಣ್ಣು ಮುಚ್ಚಿಕೊಂಡು ಹೋಗುತ್ತಿದೆ.

೧೩ ಮೇ, ಭಾನುವಾರ. ಬೆಳಿಗ್ಗೆ ೧೦

ಹೊಸಬರು ಇಬ್ಬರು. ಏಳು ಜನ ಮನೆಗೆ ಹೋದರು. ಹಂಪಮ್ಮ ಹೋಗುವಾಗ ಮೈಲಮ್ಮನ ಗಲ್ಲ ಹಿಡಿದು, "ನಿನಗ ಗಂಡ ನೋಡ್ತೀನಿ, ನರ್ಸವ್ವ. ಚಮಚೆ ಹಿಡಿಯಾಕ ಬರೋನ್ನ" ಎಂದಳು.

ತಂತಿಯ ಕರಡು ಬರೆಯುತ್ತಿದ್ದಾಗ ಏಕಾಂತ ಬಂದು ಬಾಗಿಲಲ್ಲಿ ನಿಂತ. "ಸರ್, ಹೊಸ ಡ್ರಮ್ಮಿಂದನೂ ಎರಡೇ ಪಾವು ಹಾಕದಾ? ವಾಸನೆ ಬಾಳ ಹೊಡೀತೈತಿ."

ಸಿಟ್ಟು ಬಂತು. ರೋಗಿಗಳ ಅಂಕಿ ಇಳಿಯುತ್ತಿರುವಾಗ ಪುಡಿಯನ್ನು ಇಳಿಸುವ ಮಾತೇ? "ಹೇಳಿದಷ್ಟು ಮಾಡಪ್ಪ. ಕಡಿಮಿ ಹಾಕಿ ಯಾರಾದ್ರೂ ಸತ್ರ ನೀ ಉತ್ತರ ಕೊಡ್ತೀಯೇನು?" ತುಸು ಗಟ್ಟಿಯಾಗಿಯೇ ಅಂದೆ. ಹೋದ. ಪಾಪ, ದಣಿದಿದ್ದಾನೆ. ನಾಳೆ ಅರ್ಧ ದಿನ ಮಲಗಲು ಹೇಳಬೇಕು.

೧೪ ಮೇ, ಸೋಮವಾರ. ಸಂಜೆ ೬

ಹೊಸ ರೋಗಿಗಳು: ಇಲ್ಲ.

ಈ ಒಂದು ಪದವನ್ನು ಬರೆಯಲು ಹತ್ತು ದಿನ ಹಿಡಿಯಿತು. ಜಿಲ್ಲೆಗೆ ತಂತಿ ಹೋಯಿತು, ಪರಿಸ್ಥಿತಿ ಹತೋಟಿಯಲ್ಲಿದೆ. ಮೈಲಮ್ಮ, ಏಕಾಂತ — ಈ ಮಕ್ಕಳನ್ನು ಕಂಡರೆ ಎದೆ ತುಂಬುತ್ತದೆ. ಇಂಥವರ ಕೈಗೆ ಇಲಾಖೆ ಹೋಗುವುದಾದರೆ ಮುಂದಿನ ಕಾಲ ಚೆನ್ನಾಗಿದ್ದೀತು.

೧೭ ಮೇ, ಗುರುವಾರ

ಎಂಟು. ಒಂದೇ ದಿನ ಎಂಟು. ನಿನ್ನೆ ಮೂರು.

ಎಲ್ಲಿಂದ? ಬಾವಿಗೆ ಔಷಧ ಬಿದ್ದಿದೆ. ರಿಜಿಸ್ಟರಿನಲ್ಲಿ ಒಂದು ದಿನವೂ ತಪ್ಪಿಲ್ಲ. ಸಂತೆ ಇಲ್ಲ, ಮದುವೆ ಊಟ ಇಲ್ಲ. ಎಂಟೂ ಜನ ಬೇರೆ ಬೇರೆ ಕೇರಿಯವರು. ಬೆಳಗಿನಿಂದ ಮನೆ ಮನೆ ಸುತ್ತಿದೆ. ಕೇಳಿದಲ್ಲೆಲ್ಲ ಒಂದೇ ಉತ್ತರ: "ಬಾವಿ ನೀರೇ ಕುಡೀತೀವ್ರಿ ಸಾಹೇಬ್ರ." ಹೇಳುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ನಾಲ್ಕು ಗಂಟೆಗೆ ಗಾದಿಲಿಂಗಪ್ಪ ಬಂದ. ನಡೆದುಕೊಂಡು, ಹೆಂಡತಿಯ ಹೆಗಲ ಮೇಲೆ ಭಾರ ಹಾಕಿ. ಊರನ್ನೆಲ್ಲ ಹೊತ್ತು ತಂದವನ ಗಾಡಿ ಹೊಡೆಯಲು ಯಾರೂ ಇರಲಿಲ್ಲ. ರಾತ್ರಿಯಿಂದಲೇ ಭೇದಿ ಹತ್ತಿತ್ತಂತೆ. ನಮಗೆ ತೊಂದರೆ ಕೊಡುವುದೇಕೆಂದು ಸುಮ್ಮನಿದ್ದನಂತೆ. ಕಣ್ಣು ಒಳಗೆ ಸರಿದಿವೆ. ಮೈಲಮ್ಮ ಮೂರು ಕಡೆ ಚುಚ್ಚಿದ ಮೇಲೆ ನರ ಸಿಕ್ಕಿತು.

೧೮ ಮೇ, ಶುಕ್ರವಾರ. ಬೆಳಿಗ್ಗೆ ೭

ಗೊತ್ತಾಯಿತು.

ಗಾದಿಲಿಂಗಪ್ಪನ ಹೆಂಡತಿ ಬೆಳಗಿನ ಜಾವ ಅಳುತ್ತ ಮೈಲಮ್ಮನಿಗೆ ಬಾಯಿ ಬಿಟ್ಟಳು. ಐದಾರು ದಿನದಿಂದ ಊರಿನ ಒಂದು ಮನೆಯಲ್ಲೂ ಬಾವಿಯ ನೀರು ಕುಡಿಯುತ್ತಿಲ್ಲ. ಹೆಂಗಸರು ನಸುಕಿನಲ್ಲೇ ಎದ್ದು, ನಾವು ಕಾಣುವ ಮುನ್ನ, ಹೊಳೆಯ ಮರಳಿನಲ್ಲಿ ಗುಂಡಿ ತೋಡಿ ವರ್ತಿ ನೀರು ತರುತ್ತಾರೆ.

ಮೈಲಮ್ಮನೂ ನಾನೂ ಹೋದೆವು. ಹೊಳೆ ಬತ್ತಿ ಸೆರಗಿನಷ್ಟು ಅಗಲಕ್ಕೆ ಹರಿಯುತ್ತಿದೆ. ಮರಳಿನಲ್ಲಿ ಹನ್ನೊಂದು ವರ್ತಿ ಎಣಿಸಿದೆ. ನೀರು ಕನ್ನಡಿಯಂತೆ ತಿಳಿ. ಇಪ್ಪತ್ತು ಮಾರು ಮೇಲಕ್ಕೆ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು — ರೋಗಿಗಳ ಬಟ್ಟೆ, ನಮ್ಮ ಕ್ಯಾಂಪಿನಿಂದಲೇ ಹೋದವು.

ಸುಂಕಮ್ಮ ಎಂಬಾಕೆ ಕೊಡ ತುಂಬುತ್ತಿದ್ದಳು. ಐವತ್ತರ ಗಟ್ಟಿ ಹೆಂಗಸು, ನೀರಿಗೆ ಹೋಗುವವರೆಲ್ಲ ಅವಳ ಮಾತು ಕೇಳುತ್ತಾರೆ. ನಮ್ಮನ್ನು ಕಂಡು ಬೆದರಲಿಲ್ಲ.

"ಯಾಕವ್ವ, ಬಾವಿ ಇರಾಗ ಇಲ್ಲಿಗೆ ಯಾಕ ಬಂದಿ?" ಎಂದೆ.

"ಆ ಬಾವಿ ನೀರು ನೀವು ಕುಡ್ದೀರೇನು? ನಿಮಗ ಹಂಡೇದಾಗ ಕುದಿಸಿದ್ದು. ನಮ್ಮನ್ಯಾಗ ಬ್ಯಾಳಿ ಇಟ್ರ ಬೇಯಂಗಿಲ್ಲ. ರೊಟ್ಟಿ ತಟ್ಟಿದ್ರ ರೊಟ್ಟಿ ನಾರ್ತೈತಿ. ಕೂಸು ಬಾಯಿಗಿಟ್ಟು ಉಗುಳ್ತಾವ. ಮೊದಲ ನಾಕು ದಿನ ಹಿಂಗಿರಲಿಲ್ಲ. ಈ ಹೊಸಾ ಡಬ್ಬಿ ಬಂದಿಂದ ಮೂಗು ಹಿಡ್ಕೊಂಡು ಕುಡೀಬೇಕು." ಕೊಡವನ್ನು ಸೊಂಟಕ್ಕೇರಿಸಿ, ತುಸು ತಗ್ಗಿದ ದನಿಯಲ್ಲಿ: "ಮಕ್ಕಳಾಗದಂಗ ಮಾಡೋ ಪುಡಿ ಅಂತ ಹುಡಿಗೇರು ಹೆದರ್ಯಾವು. ಹಿಂದ ಆಪರೇಶನ್ನಿಗೆ ಎಳಕೊಂಡು ಹೋಗಿದ್ದು ಮರ್ತೀವೇನು ನಾವು?"

ಈ ಹೊಸಾ ಡಬ್ಬಿ ಬಂದಿಂದ.

ಮರಳ ಮೇಲೆಯೇ ಕುಳಿತೆ. ಸತ್ತ ಪುಡಿಗೆಂದು ಹೇಳಿದ ಎರಡು ಪಾವನ್ನು ಜೀವಂತ ಪುಡಿಗೂ ಮುಂದುವರಿಸಿದೆ. ಹುಡುಗ ಬಾಗಿಲಿಗೆ ಬಂದು ಕೇಳಿದ. ಗದರಿಸಿ ಕಳಿಸಿದೆ.

ಸಂಜೆ

ಗಾದಿಲಿಂಗಪ್ಪ ಎರಡು ಗಂಟೆಗೆ ತೀರಿಕೊಂಡ. ಕೊನೆಯ ಬಾಟಲಿ ಅರ್ಧ ಉಳಿದಿತ್ತು.

ಬೇರೆ ಏನೂ ಬರೆಯಲಾರೆ.

೧೯ ಮೇ, ಶನಿವಾರ

ಏಕಾಂತನಿಗೆ ಒಂದು ಪಾವು ಎಂದೆ. "ಆಗ್ಲಿ ಸರ್" ಎಂದ, ಅಷ್ಟೇ. ಪ್ರಮಾಣ ಸರಿಯಾಯಿತು, ಕುಡಿಯುವವರು ಇಲ್ಲ. ರೋಗಿಗಳ ಬಟ್ಟೆ ಇನ್ನು ಹೊಳೆಗೆ ಹೋಗಬಾರದು, ಇಲ್ಲೇ ಕುದಿಯಬೇಕೆಂದು ಗಿಡ್ಡಮ್ಮನಿಗೆ ಹೇಳಿದೆ. ವರ್ತಿಗಳನ್ನು ಮುಚ್ಚಿಸಿದೆವು, ನಸುಕಿಗೆ ಮತ್ತೆ ತೋಡಿದ್ದಾರೆ. ಇಂದು ಆರು ಹೊಸಬರು.

ಊರವರಿಗೆ ನಿಜ ಹೇಳದೆ ಗತ್ಯಂತರವಿಲ್ಲ. ಪಂಚಾಯಿತಿ ಚೇರ್ಮನ್ ಹಾಲೇಶಪ್ಪನವರಿಗೆ ಹೇಳಿದೆ. ಬೆಚ್ಚಿಬಿದ್ದರು.

"ತಪ್ಪಾತು ಅಂದ್ರ ನಾಳೆ ನಿಮ್ಮ ಗುಳಿಗಿನೂ ನುಂಗಂಗಿಲ್ಲ, ಸೂಜಿನೂ ಚುಚ್ಚಿಸ್ಕೊಳಂಗಿಲ್ಲ. ಹೊಳಿ ನೀರು ಕೆಟ್ಟೈತಿ ಅಂತ ಡಂಗುರ ಹೊಡಸ್ರಿ. ಪೊಲೀಸರನ್ನ ಇಬ್ರನ್ನ ನಿಲ್ಲಿಸ್ರಿ."

"ಪೊಲೀಸರು ನಿಂತ್ರ ಆಪರೇಶನ್ ಪುಡಿ ಅನ್ನೋದು ಖಾತ್ರಿ ಆತು ಅಂತಾರ, ಚೇರ್ಮನ್ರ."

ಕೊನೆಗೆ ನಾಳೆ ಬೆಳಿಗ್ಗೆ ಬಾವಿಕಟ್ಟೆಗೆ ಜನ ಸೇರಿಸಲು ಒಪ್ಪಿದರು.

ಮಧ್ಯಾಹ್ನ ಪೋಸ್ಟಾಫೀಸಿನ ಫೋನಿಗೆ ಕರೆ ಬಂತು. ಸೋಮವಾರ ಜಿಲ್ಲೆಯಿಂದ ಅಧಿಕಾರಿ ಬರುತ್ತಾರೆ. ಹತೋಟಿಯಲ್ಲಿದೆ ಎಂದ ಮೇಲೆ ಮತ್ತೆ ಹೆಚ್ಚಿದ್ದೇಕೆ? ಬಾವಿಗೆ ಔಷಧ ಹಾಕಿದವರು ಯಾರು? ರಿಜಿಸ್ಟರ್ ತಯಾರಿರಲಿ.

ಮಂಜಣ್ಣ ಬಾಗಿಲು ಮುಂದೆ ಮಾಡಿ ಒಳಗೆ ಬಂದ. "ಸರ್, ಸಹಿ ಅವಂದೈತಿ. ನಿಮ್ಮ ಆರ್ಡರ್ ಕಾಗದದಾಗಿಲ್ಲ. ನೀವ್ಯಾಕ ಮೈಮ್ಯಾಲ ಎಳಕೊಂತೀರಿ? ಹುಡುಗ ಅದಾನ, ಬ್ಯಾರೆ ಕೆಲಸ ನೋಡ್ಕೊಂತಾನ."

"ಪ್ರೊಬೇಷನ್ನಿನಾಗ ತೆಗೆದು ಹಾಕಿದೋನಿಗೆ ಯಾವ ಸರ್ಕಾರಿ ಕೆಲಸ ಸಿಗ್ತೈತಿ, ಮಂಜಣ್ಣ?"

"ಅದು ಖರೇನ ಬಿಡ್ರಿ." ಬಾಗಿಲು ತೆರೆದು ಹೋದ. ಅವನು ಕೆಟ್ಟವನಲ್ಲ. ನನ್ನ ಮೇಲಿನ ಪ್ರೀತಿಯಿಂದ ಆಡಿದ್ದು. ಮತ್ತು ಆ ಮಾತು ಕಿವಿಗೆ ಬಿದ್ದ ಕ್ಷಣ ನನಗೊಂದು ಹಗುರ ಅನ್ನಿಸಿದ್ದನ್ನೂ ಇಲ್ಲಿ ಬರೆದಿಡುತ್ತೇನೆ. ಒಂದು ಕ್ಷಣ. ಆದರೂ ಅನ್ನಿಸಿತು.

೨೦ ಮೇ, ಭಾನುವಾರ. ಮಧ್ಯಾಹ್ನ

ಬಾವಿಕಟ್ಟೆಯ ಸುತ್ತ ಇನ್ನೂರು ಜನರಾದರೂ ಇದ್ದರು. ಹೆಂಗಸರು ಒಂದು ಕಡೆ, ಖಾಲಿ ಕೊಡಗಳೊಂದಿಗೆ. ಗಾದಿಲಿಂಗಪ್ಪನ ಹೆಂಡತಿಯೂ ಬಂದಿದ್ದಳು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಬರೆದುಕೊಂಡು ಹೋದ ಮಾತನ್ನು ಓದಲಾಗಲಿಲ್ಲ. ಹೇಳಿದೆ: "ಹಳೇ ಪುಡಿಗೆ ಕಸುವು ಇರಲಿಲ್ಲ. ಅದಕ್ಕ ಎರಡು ಪಾವು ಹಾಕಿಸಿದೆ. ಹೊಸಾದು ಬಂದ ಮ್ಯಾಲೆ ಒಂದಕ್ಕ ಇಳಿಸಬೇಕಿತ್ತು. ಇಳಿಸಲಿಲ್ಲ. ವಾಸನಿಗೆ ನೀವು ಹೊಳಿಗೆ ಹೋದ್ರಿ. ತಪ್ಪು ನಂದು. ಈ ಹುಡುಗಂದಲ್ಲ. ಇದು ಮಕ್ಕಳಾಗದ ಪುಡಿ ಅಲ್ಲ. ಆದ್ರ ನನ್ನ ಮಾತು ಯಾಕ ನಂಬಬೇಕು ಅಂತ ನೀವು ಕೇಳಿದ್ರ ನನ್ನ ಹತ್ರ ಉತ್ತರ ಇಲ್ಲ."

ಹಿಂದಿನಿಂದ ಒಬ್ಬ, "ಗಾದಿಲಿಂಗಪ್ಪನ್ನ ತಿಂದುಬಿಟ್ರಿ" ಎಂದ. ಗಾದಿಲಿಂಗಪ್ಪನ ಹೆಂಡತಿ ತಿರುಗಿ ಆ ಕಡೆ ನೋಡಿದಳು. ಮಾತು ಅಲ್ಲಿಗೇ ನಿಂತಿತು.

ಸುಂಕಮ್ಮ ಮುಂದೆ ಬಂದಳು. "ಪಾವು ಎಲ್ಲಿ? ತರ್ರಿ ಇಲ್ಲಿ. ಇಂದಿಂದ ಅಳೆಯಾಕಿ ನಾನು. ನಿಮ್ಮ ಹುಡುಗ ಬರಕೊಳ್ಳಲಿ."

ಏಕಾಂತ ನನ್ನ ಮುಖ ನೋಡಿದ. ತಲೆಯಾಡಿಸಿದೆ. ಅವನು ಹೇಳಿಕೊಟ್ಟಂತೆ ಆಕೆ ಪಾವು ತುಂಬಿ, ಅಂಗೈಯಿಂದ ಸವರಿ ಸಮಮಾಡಿ, ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಿಸಿ, ತಿಳಿಯನ್ನು ಬಾವಿಗೆ ಇಳಿಸಿದಳು. ಬೆರೆಯಲೆಂದು ಬಕೆಟ್ಟನ್ನು ಏಳೆಂಟು ಸಲ ಮೇಲೆ ಕೆಳಗೆ ಆಡಿಸಿದಳು. ಒಂದು ತಾಸು ಕಾಯಬೇಕು. ಆ ಬಿಸಿಲಿನಲ್ಲಿ ಇನ್ನೂರು ಜನ ಒಂದು ತಾಸು ಕಾದರು. ಯಾರೂ ಕದಲಲಿಲ್ಲ.

ಮೊದಲ ಕೊಡದ ನೀರಿಗೆ ನಾನು ಕೈಚಾಚಿದೆ.

"ನೀವ್ ಬ್ಯಾಡ್ರಿ. ನಿಮ್ಮ ಮೂಗು ಪುಡಿಯಾಗ ಮುಳುಗಿ ಸತ್ತೈತಿ. ನಿಮಗೇನು ತಿಳೀತೈತಿ ವಾಸನಿ? ಈ ತಮ್ಮ ಕುಡೀಲಿ. ಇನ್ನಾ ಮದಿವಿ ಆಗಿಲ್ಲ, ಮಕ್ಕಳ ಹೆದರಿಕಿ ಇವಗೂ ಇರತೈತಿ."

ಜನ ನಕ್ಕರು. ಏಕಾಂತನ ಕಿವಿ ಕೆಂಪಗಾಯಿತು. ಬೊಗಸೆಯಲ್ಲಿ ಮೂರು ಸಲ ಕುಡಿದ. ಸುಂಕಮ್ಮ ಅವನ ಮುಖವನ್ನು ನೋಡಿ, ತಾನೂ ಬೊಗಸೆಯೊಡ್ಡಿ ಕುಡಿದು, ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿದಳು.

"ಐತಿ ಸ್ವಲ್ಪ. ತಡೀಬಹುದು."

ಕೊಡ ಸಾಲಾದವು. ಯಾರೂ ನೋಡದ ಹಾಗೆ ಕಟ್ಟೆಗೆ ಒರಗಿದೆ.

೨೧ ಮೇ, ಸೋಮವಾರ. ಸಂಜೆ ೫

ಹೊಸಬರು ನಾಲ್ವರು. ನಸುಕಿಗೆ ವರ್ತಿಯ ಕಡೆ ಯಾರೂ ಹೋಗಲಿಲ್ಲವೆಂದು ಮೈಲಮ್ಮ ನೋಡಿ ಬಂದಳು. ಹಳೆಯ ನೀರಿನ ಸೋಂಕು ಇನ್ನೆರಡು ದಿನ ಬಂದೀತು. ಆಮೇಲೆ ಇಳಿಯಬೇಕು.

ಅಧಿಕಾರಿ ಹನ್ನೊಂದಕ್ಕೆ ಬಂದರು. ರೂಕ್ಷ ಮನುಷ್ಯರಲ್ಲ. ವಾರ್ಡು ನೋಡಿದರು, ಕರಿಹಲಗೆಯ ಗೆರೆಗಳನ್ನು ಮೆಚ್ಚಿದರು. ನಂತರ ರಿಜಿಸ್ಟರ್ ತೆರೆದರು.

"ಎರಡು ಪಾವು, ಎರಡು ಪಾವು, ಎರಡು ಪಾವು. ಸಹಿ ಯಾರದು?"

"ಆಜ್ಞೆ ನನ್ನದು, ಸರ್."

"ಲಿಖಿತವಾಗಿ ಇದೆಯಾ?"

"ಇಲ್ಲ."

ಕನ್ನಡಕ ತೆಗೆದು ಒರೆಸಿದರು. "ಬೊಮ್ಮಪ್ಪನವರೇ, ನಾಲ್ಕು ಸಾವಾಗಿದೆ. ಎರಡನೇ ಸಲ ಹೆಚ್ಚಿದ್ದಕ್ಕೆ ಮೇಲಿನವರು ಒಂದು ಹೆಸರು ಕೇಳ್ತಾರೆ. ಹುಡುಗ ಪ್ರೊಬೇಷನ್‌ನಲ್ಲಿದ್ದಾನೆ, ಒಂದು ಸಾಲಿನಲ್ಲಿ ಮುಗಿಯುತ್ತದೆ. ನಿಮ್ಮ ಹೆಸರಾದರೆ ವಿಚಾರಣೆ, ಸಸ್ಪೆನ್ಷನ್, ಎಲ್ಲ. ಇಬ್ಬರ ಹೇಳಿಕೆಯೂ ಬರವಣಿಗೆಯಲ್ಲಿ ಬೇಕು. ನಾಳೆ ನಾಲ್ಕು ಗಂಟೆಗೆ ಜೀಪ್ ಕಳಿಸ್ತೀನಿ."

ನನ್ನದನ್ನು ಈಗಲೇ ಬರೆದು ಮುಗಿಸಿದೆ. ಒಂದೂವರೆ ಪುಟ. ೯ನೇ ತಾರೀಖು ಆಜ್ಞೆ ಕೊಟ್ಟದ್ದು, ೧೨ಕ್ಕೆ ಡ್ರಮ್ ಬಂದದ್ದು, ೧೩ಕ್ಕೆ ಏಕಾಂತಪ್ಪ ಕೇಳಿದ್ದು, ನಾನು ಗದರಿಸಿದ್ದು. ಸಹಿ ಹಾಕುವಾಗ ಕೈ ತಡೆಯಲಿಲ್ಲ. ಮನೆಯವಳಿಗೆ ಇನ್ನೂ ಬರೆದಿಲ್ಲ.

೨೨ ಮೇ, ಮಂಗಳವಾರ. ಮಧ್ಯಾಹ್ನ ೨.೩೦

ಹೊಸಬರು ಒಬ್ಬರು.

ಏಕಾಂತ ಊಟದ ಹೊತ್ತಿಗೆ ತನ್ನ ಹೇಳಿಕೆ ತಂದು ಮೇಜಿನ ಮೇಲಿಟ್ಟ. ಅದೇ ಮುತ್ತಿನಂಥ ಅಕ್ಷರ. ನಾಲ್ಕೇ ಸಾಲು. 'ಒಂದು ಪಾವು ಹಾಕಲು ನಿರೀಕ್ಷಕರು ತಿಳಿಸಿದ್ದು, ನಾನು ಅಳತೆಯನ್ನು ತಪ್ಪಾಗಿ ತಿಳಿದು ಎರಡು ಪಾವು ಹಾಕಿರುತ್ತೇನೆ. ಇದರಲ್ಲಿ ನಿರೀಕ್ಷಕರ ತಪ್ಪು ಇರುವುದಿಲ್ಲ.'

"ಏನಪ್ಪ ಇದು?"

"ನೀವು ಇಲ್ದಿದ್ರೆ ಇಲ್ಲಿ ಎಷ್ಟು ಜನ ಹೋಗ್ತಿದ್ರೋ ಸರ್. ನಂದೇನು, ಅಪ್ಪನ ಜೊತಿ ಕಲ್ಲು ಒಡೆಯಕ್ಕೆ ಹೋದರಾತು. ಕೈ ಮರ್ತಿಲ್ಲ."

ಸಿಟ್ಟು ಬಂತು. ರಿಜಿಸ್ಟರಿನಲ್ಲಿ ಅವನ ಸಹಿ, ಹೇಳಿಕೆಯಲ್ಲಿ ಅವನ ಸಹಿ. ಎರಡೂ ಒಂದೇ ಮಾತು ಹೇಳಿದರೆ ನನ್ನ ಒಂದೂವರೆ ಪುಟವನ್ನು ಮುದುಕನ ಕರುಣೆಯೆಂದು ಬದಿಗಿಡುತ್ತಾರೆ. ಮೇಲಿನವರಿಗೂ ಅದೇ ಅನುಕೂಲ.

ಕೂರಿಸಿದೆ. "ಇದು ಹೋದ್ರ ವರದಿಯೊಳಗ ಏನು ಬರ್ತೈತಿ? ಒಬ್ಬ ಹುಡುಗ ಅಳತಿ ತಪ್ಪಿದ. ಮುಗೀತು. ಕೂಡ್ಲಿಗಿಯೊಳಗ, ನಿಮ್ಮ ಹರಪನಹಳ್ಳಿಯೊಳಗ, ಎಲ್ಲಾ ಕಡೆ ಇಂಥಾವೇ ಹಳೇ ಡ್ರಮ್ ಅದಾವ. ಅಲ್ಲೂ ಯಾರೋ ಎರಡು ಪಾವು ಅಂದಿರ್ತಾರ. ಅಲ್ಲಿಗೂ ಹೊಸಾವು ಬರ್ತಾವ. ಖರೇ ಬರದ್ರ ಒಂದು ಸರ್ಕ್ಯುಲರ್ ಹೊಂಡ್ತೈತಿ — ಡ್ರಮ್ ಬದಲಾದ್ರ ಅಳತಿ ಬದಲಿಸ್ರಿ ಅಂತ. ನಿನ್ನ ಈ ನಾಕು ಸಾಲು ನನ್ನ ಉಳಿಸ್ತೈತಿ. ಅಲ್ಲಿ ವರ್ತಿ ತೋಡೋರನ್ನ ಯಾರು ಉಳಿಸ್ತಾರ?"

ತನ್ನ ನಾಲ್ಕು ಸಾಲನ್ನು ಮತ್ತೆ ಓದಿಕೊಂಡ. ಒಳಗೆ ಮಂಜಣ್ಣ ಬಾಟಲಿ ತೊಳೆಯುವ ಸದ್ದು ನಿಂತಿತ್ತು, ಕೇಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ.

"ಗದರಿಸಿದ್ರು ಅಂತ ಬರಿಯಕ್ಕೆ ನನ್ನ ಕೈಲಿ ಆಗಲ್ಲ ಸರ್."

"ಆಗ್ತೈತಿ. ಅದೇ ಶಬ್ದ ಬರಿ."

ಕೊನೆಗೆ ತನ್ನ ಕಾಗದವನ್ನು ತಾನೇ ಹರಿದ. ಹೊಸ ಹಾಳೆ ಕೊಟ್ಟೆ.

೩.೪೦

ಎದುರಿನ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದಾನೆ. ನನ್ನ ಹೇಳಿಕೆಯನ್ನು ಓದಿಕೊಳ್ಳಲು ಕೊಟ್ಟಿದ್ದೆ, ದಿನಾಂಕಗಳು ಹೊಂದಲೆಂದು. ಈಗಷ್ಟೇ ತಲೆಯೆತ್ತಿದ.

"ಸರ್, ಇಲ್ಲಿ ೧೩ನೇ ತಾರೀಖು ಕೇಳಿದ ಅಂತ ಐತಿ."

"ಹೌದು."

"೧೨ಕ್ಕೂ ಕೇಳಿದ್ದೆ ಸರ್. ಡ್ರಮ್ ಇಳಿಸಿದ ಕೂಡಲೆ. ನೀವು ಏನೋ ಬರಿತಿದ್ರಿ. ಹ್ಞೂಂ ಅಂದ್ರಿ. ಹಂಗಾಗಿ ಮಾರನೇ ದಿನ ಮತ್ತೆ ಬಂದೆ."

೧೨ರ ಪುಟ ತಿರುವಿ ನೋಡಿದೆ. ಡ್ರಮ್ ಬಂದದ್ದಿದೆ. ಮಂಡಕ್ಕಿ ಇದೆ. ಈರುಳ್ಳಿಯ ಮಾತು ಕೂಡ ಇದೆ. ಅವನು ಕೇಳಿದ್ದಿಲ್ಲ. ನೆನಪೂ ಇಲ್ಲ, ಒಂದಿಷ್ಟೂ ಇಲ್ಲ.

ಎರಡೂ ಸಲ ಬರಿ ಎಂದೆ. ನನ್ನ ಹಾಳೆಯನ್ನು ಹಿಂದಕ್ಕೆ ಪಡೆದಿದ್ದೇನೆ. ರಸ್ತೆಯಲ್ಲಿ ಜೀಪಿನ ಧೂಳು ಕಾಣುತ್ತಿದೆ. ೧೩ರ ಮೇಲೆ ಒಂದು ಸಾಲು ಸೇರಿಸಬೇಕು: ೧೨ನೇ ತಾರೀಖಿನಂದೇ ಅವನು ನನ್ನನ್ನು ಕೇಳಿದ್ದು, ನಾನು —